ಸವಾನಾದಲ್ಲಿ ‘ತರಕಾರಿ’ ಎಂದರೆ ಸಸ್ಯಾಹಾರವಲ್ಲ

ಅಮೆರಿಕದ ಜಾರ್ಜಿಯಾ ರಾಜ್ಯದ ಅಟ್ಲಾಂಟಾ ಕಡೆಯಿಂದ ಅದೇ ರಾಜ್ಯದ ಬಂದರು ಊರಾದ ಸವಾನಾಕ್ಕೆ ಹೊರಡುವ ಯೋಚನೆಯಲ್ಲಿರುವವರು, ಅದರಲ್ಲೂ ಮಾಂಸ ಮುಟ್ಟದವರು, ದಯವಿಟ್ಟು ಇದನ್ನು ಓದಿಕೊಂಡು ಹೊರಡಿ. ನಮಗೆ ಯಾರೂ ಹೇಳಿರಲಿಲ್ಲ. ಹುಟ್ಟಿದಾಗಿನಿಂದ ಮಾಂಸ ತಿನ್ನದ ನನ್ನ ಗೆಳತಿಯ ಬಾಯಿಗೆ ಬೀನ್ಸ್ ಪಲ್ಯದ ಜೊತೆ ಹಂದಿಮಾಂಸದ ಚೂರು ಹೋಯಿತು. ಅವಳು ಎದ್ದು ಹೋಗಿ ಬಾಯಿ ತೊಳೆದುಕೊಂಡು ಬಂದಳು. ಆ ರಾತ್ರಿ ಮತ್ತೇನೂ ತಿನ್ನಲಿಲ್ಲ.

ನಾನು ಕುಂದಾಪುರದವಳು, ಮೀನು, ಕೋಳಿ ಎರಡೂ ತಿನ್ನುತ್ತೇನೆ. ಗೆಳತಿ ಗದಗ ಜಿಲ್ಲೆಯವಳು. ಕೇಕಿನೊಳಗಿನ ಮೊಟ್ಟೆಗೆ ಅವಳ ಅಭ್ಯಂತರವಿಲ್ಲ, ಮಾಂಸ ಮಾತ್ರ ಸುತರಾಂ ಆಗದು. ನಾವಿಬ್ಬರೂ ಅಕ್ಟೋಬರಿನಲ್ಲಿ ನಾಲ್ಕು ದಿನ ಬಿಡುವು ಮಾಡಿಕೊಂಡು ಹೊರಟದ್ದು ಒಂದು ಊಟಕ್ಕಾಗಿ. ಸವಾನಾದಲ್ಲಿ ‘ದಿ ಗ್ರೇ’ ಎಂಬ ರೆಸ್ಟೋರೆಂಟ್ ಇದೆ. 1938ರಲ್ಲಿ ಕಟ್ಟಿದ, ಗ್ರೇಹೌಂಡ್ ಎಂಬ ಬಸ್ ಸಂಸ್ಥೆಯ ನಿಲ್ದಾಣವನ್ನು ಕೆಡವದೆ, ಅದರ ಒಳಗೇ 2014ರಲ್ಲಿ ತೆರೆದ ಹೋಟೆಲು. ಅಮೆರಿಕದ ದಕ್ಷಿಣದ ರಾಜ್ಯಗಳ ಹಳೆಯ ಅಡುಗೆಯನ್ನು ಹೊಸದಾಗಿ ಮಾಡಿ ಬಡಿಸುತ್ತಾರೆ ಎಂದು ಕೇಳಿದ್ದೆ. ನನ್ನ ತಂದೆ ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿದ್ದವರು. ಬಸ್ ನಿಲ್ದಾಣದ ಕ್ಯಾಂಟೀನಿನ ಬನ್ಸು ತಿಂದು ಬೆಳೆದ ನನಗೆ ಬಸ್ ನಿಲ್ದಾಣದಲ್ಲಿ ಊಟ ಎಂದರೆ ಸಾಕು, ಕಾಲು ನಿಲ್ಲುವುದಿಲ್ಲ.

ಹಾಗಾಗಿ ಬಸ್ಸಿನಲ್ಲೇ ಹೋಗೋಣ ಎಂದು ನಾನೇ ಹಟ ಹಿಡಿದೆ. ಅದು ತಪ್ಪಾಯಿತು. ಅಗ್ಗದ ಟಿಕೆಟು ಕಂಡು ಕಾಯ್ದಿರಿಸಿದ್ದು ಒಂದು ಸಣ್ಣ ಖಾಸಗಿ ಸಂಸ್ಥೆಯ ಬಸ್ಸು. ಅದು ಗ್ರೇಹೌಂಡ್ ಅಲ್ಲ, ಹೆಸರು ಬೇಡ. ಬೆಳಿಗ್ಗೆ ಎಂಟಕ್ಕೆ ಹೊರಡಬೇಕಾದ ಬಸ್ಸಿಗೆ ಒಂದು ಅಂಗಡಿ ಸಮುಚ್ಚಯದ ವಾಹನ ನಿಲುಗಡೆಯಲ್ಲಿ ಕಾಯಬೇಕು. ಅಲ್ಲಿ ಫಲಕವಿಲ್ಲ, ನೆರಳಿಲ್ಲ, ಕೂರಲು ಕಟ್ಟೆಯಿಲ್ಲ. ಟಿಕೆಟಿನಲ್ಲಿದ್ದ ದೂರವಾಣಿ ಸಂಖ್ಯೆಗೆ ಕರೆ ಮಾಡಿದರೆ ಗಂಟೆ ಬಾರಿಸಿ ಬಾರಿಸಿ ತಾನೇ ನಿಲ್ಲುತ್ತಿತ್ತು. ಬಸ್ಸು ಬಂದಾಗ ಹತ್ತು ದಾಟಿತ್ತು. ಒಳಗೆ ಶೌಚಾಲಯಕ್ಕೆ ಬೀಗ. ನನ್ನ ಸೀಟಿನ ಬೆಲ್ಟಿನ ಕೊಂಡಿ ಮುರಿದಿತ್ತು. ಮುಂದಿನ ಸೀಟಿನಲ್ಲಿ ಒಬ್ಬ ತಾಯಿ ಎರಡು ವರ್ಷದ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡಿದ್ದಳು. ಎಸಿಯ ಗಾಳಿ ನೇರವಾಗಿ ಆ ಮಗುವಿನ ತಲೆಗೆ ಬಡಿಯುತ್ತಿತ್ತು, ಅದನ್ನು ಮುಚ್ಚುವ ತಿರುಪೇ ಇರಲಿಲ್ಲ. ಗೆಳತಿ ತನ್ನ ಶಾಲು ತೆಗೆದುಕೊಟ್ಟಳು. ದಾರಿ ನಡುವಿನ ಮೇಕನ್ ಎಂಬ ಊರಿನ ಹತ್ತಿರ ಕಾರಣ ಹೇಳದೆ ಐವತ್ತು ನಿಮಿಷ ನಿಲ್ಲಿಸಿದರು. ಕೊನೆಗೆ ನಮ್ಮನ್ನು ಇಳಿಸಿದ್ದು ಸವಾನಾ ಊರೊಳಗಲ್ಲ, ಹೆದ್ದಾರಿ ಬದಿಯ ಪೆಟ್ರೋಲ್ ಬಂಕಿನಲ್ಲಿ. ಅಲ್ಲಿಂದ ಊರಿಗೆ ಬಾಡಿಗೆ ಕಾರಿಗೆ ಕೊಟ್ಟ ಹಣ ಬಸ್ಸಿನ ಟಿಕೆಟಿಗಿಂತ ಹೆಚ್ಚು.

ಮೂವತ್ತು ವರ್ಷ ಬಸ್ಸಿನಲ್ಲಿ ದುಡಿದವರ ಮಗಳಾಗಿ ಹೇಳುತ್ತೇನೆ, ಬಸ್ಸು ತಡವಾಗುವುದು ಅಪರಾಧವಲ್ಲ. ತಡವಾಗಿದೆ ಎಂದು ಕಾಯುವವರಿಗೆ ಹೇಳದಿರುವುದು ಅಪರಾಧ. ಟಿಕೆಟು ಕೊಳ್ಳುವ ಮೊದಲು ಇಳಿಸುವ ಜಾಗ ಎಲ್ಲಿದೆ ಎಂದು ನಕ್ಷೆಯಲ್ಲಿ ನೋಡಿಕೊಳ್ಳಿ. ಅಟ್ಲಾಂಟಾದಿಂದ ಸವಾನಾಕ್ಕೆ ನೇರ ರೈಲಿಲ್ಲ. ಕಾರಿನಲ್ಲಾದರೆ ಐ-75 ಹೆದ್ದಾರಿ ಹಿಡಿದು ಮೇಕನ್, ಅಲ್ಲಿಂದ ಐ-16. ಸುಮಾರು 400 ಕಿಲೋಮೀಟರ್, ನಾಲ್ಕು ಗಂಟೆ. ಮೇಕನ್ ದಾಟಿದ ಮೇಲೆ ಎರಡೂ ಬದಿಗೆ ಪೈನ್ ಮರಗಳ ಹೊರತು ಬೇರೇನೂ ಕಾಣದು, ಚಾಲಕರಿಗೆ ನಿದ್ದೆ ಬರುವ ದಾರಿ. ಮಾತನಾಡುವವರು ಜೊತೆಗಿರಲಿ.

ಕೋಣೆಯ ವಿಷಯ ಒಂದೇ ಮಾತು. ಹಳೆಯ ಊರಿನಲ್ಲಿ ‘ಗಾರ್ಡನ್ ಲೆವೆಲ್’ ಕೋಣೆ ಎಂದು ಬರೆದಿದ್ದರೆ ತೋಟ ಕಾಣುತ್ತದೆ ಎಂದು ತಿಳಿಯಬೇಡಿ. ಅರ್ಧ ನೆಲದೊಳಗೆ ಇರುವ ಕೋಣೆಗೆ ಇಟ್ಟ ಹೆಸರದು. ನಮ್ಮ ಕಿಟಕಿಯಲ್ಲಿ ಕಂಡದ್ದು ದಾರಿಹೋಕರ ಚಪ್ಪಲಿ, ಬೂಟು. ಗೋಡೆಗೆ ಕೈಯಿಟ್ಟರೆ ತೇವ. ಅದಕ್ಕೆ ರಾತ್ರಿಗೆ ಇನ್ನೂರ ಎಂಬತ್ತು ಡಾಲರ್, ತೆರಿಗೆ ಬೇರೆ. ಮೇಲಿನ ಅಂತಸ್ತು ಸಿಗದಿದ್ದರೆ ಊರ ನಡುವೆ ಉಳಿಯುವ ಆಸೆ ಬಿಡಿ. ಹಳೆಯ ಊರಿನೊಳಗೆ ‘ಡಾಟ್’ ಎಂಬ ಬಸ್ಸು ಉಚಿತ, ನದಿ ದಾಟಿಸುವ ದೋಣಿಯೂ ಉಚಿತ. ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ ಹಬ್ಬದ ವಾರದಲ್ಲಂತೂ ಈ ಊರಿನ ಕಡೆ ತಲೆ ಹಾಕಬೇಡಿ. ಜಾತ್ರೆಯಂತೆ ಜನ ಸೇರುತ್ತಾರೆ, ಬಾಡಿಗೆಯೂ ಅದಕ್ಕೆ ತಕ್ಕಂತೆ ಏರುತ್ತದೆ.

ಹಂದಿಮಾಂಸದ ಸಂಗತಿ ನಡೆದದ್ದು ಮೊದಲ ರಾತ್ರಿಯೇ, ನದಿ ದಂಡೆಯ ಒಂದು ರೆಸ್ಟೋರೆಂಟಿನಲ್ಲಿ. ಬಾಗಿಲಿನಲ್ಲೇ ಹತ್ತಿಯ ಮೂಟೆ. ಗೋಡೆಗೆ ತುಕ್ಕು ಹಿಡಿದ ನೇಗಿಲು, ಲಾಟೀನು, ತಗಡಿನ ಜಾಹೀರಾತು ಫಲಕಗಳು. ಹತ್ತಿರ ಹೋಗಿ ನೋಡಿದರೆ ತುಕ್ಕು ಬಣ್ಣದಿಂದ ಬಳಿದದ್ದು. ಹತ್ತಿಯ ಹೊಲದಲ್ಲಿ ಮನುಷ್ಯರನ್ನು ಗುಲಾಮರಾಗಿ ದುಡಿಸಿದ ನಾಡಿನಲ್ಲಿ ಹತ್ತಿಯ ಮೂಟೆಯನ್ನು ಅಲಂಕಾರಕ್ಕೆ ಇಡುವುದು ನನಗೆ ಹಿಡಿಸಲಿಲ್ಲ. ಮೆನುವಿನಲ್ಲಿ ‘ತರಕಾರಿ ತಟ್ಟೆ’ ಇತ್ತು. ಮಾಂಸವಿದೆಯೇ ಎಂದು ಗೆಳತಿ ಕೇಳಿದಳು. ಇಲ್ಲ, ಬರೀ ತರಕಾರಿ ಎಂದ ಬಡಿಸುವವನು. ಎರಡನೇ ತುತ್ತಿನಲ್ಲಿ ಅವಳು ನಿಂತುಬಿಟ್ಟಳು. ಬೀನ್ಸಿನ ಬಣ್ಣದ್ದೇ ಆದ ಒಂದು ಮೆತ್ತನೆಯ ಚೂರು. ಕರೆದು ಕೇಳಿದರೆ, ಅದು ಮಾಂಸವಲ್ಲ, ರುಚಿಗೆ ಹಾಕುವುದು ಎಂದ. ಬಿಲ್ಲಿನಲ್ಲಿ ಒಂದು ಡಾಲರನ್ನೂ ಕಡಿಮೆ ಮಾಡಲಿಲ್ಲ.

ಅವನು ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ ಎಂದು ಮರುದಿನ ಅರ್ಥವಾಯಿತು. ಈ ನಾಡಿನ ಅಡುಗೆಯಲ್ಲಿ ಸೊಪ್ಪು, ಬೀನ್ಸು, ಅಲಸಂದೆ ಎಲ್ಲವನ್ನೂ ಉಪ್ಪು ಹಾಕಿ ಹೊಗೆಯಾಡಿಸಿದ ಹಂದಿಯ ಮೂಳೆಯ ಜೊತೆ ಗಂಟೆಗಟ್ಟಲೆ ಬೇಯಿಸುತ್ತಾರೆ. ಬಡವರ ಮನೆಯಲ್ಲಿ ಒಂದು ಸಣ್ಣ ತುಂಡು ಇಡೀ ಪಾತ್ರೆಗೆ ರುಚಿ ಕೊಡಬೇಕಿತ್ತು. ನಮ್ಮ ಕರಾವಳಿಯಲ್ಲಿ ಸೌತೆಕಾಯಿಗೆ ಒಂದು ಹಿಡಿ ಒಣಸಿಗಡಿ ಹಾಕುತ್ತೇವಲ್ಲ, ಹಾಗೆ. ನಮ್ಮಮ್ಮನೂ ಅದನ್ನು ಸೌತೆಕಾಯಿ ಪದಾರ್ಥ ಎಂದೇ ಕರೆಯುತ್ತಿದ್ದರು. ಆದರೆ ತಿನ್ನದವರು ಮನೆಗೆ ಬಂದರೆ ಮೊದಲೇ ಹೇಳುತ್ತಿದ್ದರು. ನದಿ ದಂಡೆಯವರು ಹೇಳಲಿಲ್ಲ, ನನ್ನ ಸಿಟ್ಟು ಅದಕ್ಕೆ.

ಆದ್ದರಿಂದ ಸಸ್ಯಾಹಾರವೇ ಎಂದು ಕೇಳಿ ಸುಮ್ಮನಾಗಬೇಡಿ, ಮಾಂಸವಿದೆಯೇ ಎಂದರೂ ಸಾಲದು. ಹ್ಯಾಮ್, ಬೇಕನ್ ಎಂಬ ಹಂದಿಮಾಂಸ, ಲಾರ್ಡ್ ಎಂಬ ಹಂದಿಕೊಬ್ಬು, ಸ್ಟಾಕ್ ಎಂಬ ಕೋಳಿ ಬೇಯಿಸಿದ ರಸ, ಹೊಗೆಯಾಡಿಸಿದ ಟರ್ಕಿ ಕೋಳಿ, ಇವನ್ನು ಒಂದೊಂದಾಗಿ ಹೆಸರು ಹಿಡಿದು ಕೇಳಿ. ಮೆಕ್ಕೆಜೋಳದ ಬ್ರೆಡ್ಡಿನ ಬಾಣಲೆಗೆ ಏನು ಸವರುತ್ತೀರಿ, ಗ್ರಿಟ್ಸ್ ಎಂಬ ಮೆಕ್ಕೆಜೋಳದ ಗಂಜಿ ಯಾವುದರಲ್ಲಿ ಬೇಯಿಸಿದ್ದು, ಬೆಂಡೆಕಾಯಿ ಕರಿದ ಎಣ್ಣೆಯಲ್ಲೇ ಕೋಳಿಯನ್ನೂ ಕರಿಯುತ್ತೀರಾ ಎಂದು ಕೇಳಿ. ಸಿಹಿ ಪೈಗಳ ಹಿಟ್ಟಿನಲ್ಲೂ ಹಂದಿಕೊಬ್ಬು ಇರಬಹುದು. ಹೀಗೆ ಕೇಳಿದರೆ ಇಲ್ಲಿನವರು ಬೇಸರಪಡುವುದಿಲ್ಲ, ಒಳಗೆ ಹೋಗಿ ವಿಚಾರಿಸಿಕೊಂಡು ಬಂದು ಹೇಳುತ್ತಾರೆ.

ಶುಕ್ರವಾರ ಮಧ್ಯಾಹ್ನ ಜೋನ್ಸ್ ಬೀದಿಯ ‘ಮಿಸೆಸ್ ವಿಲ್ಕ್ಸ್’ ಮುಂದೆ ಹೋಗಿ ನಿಂತೆವು. 1943ರಿಂದ ನಡೆದುಬಂದ ಊಟದ ಮನೆ. ಹತ್ತು ಜನರ ಮೇಜಿಗೆ ಅಪರಿಚಿತರನ್ನೆಲ್ಲ ಒಟ್ಟಿಗೆ ಕೂರಿಸಿ, ಬಟ್ಟಲುಗಳನ್ನು ಕೈಯಿಂದ ಕೈಗೆ ದಾಟಿಸಿ ಉಣ್ಣುವ ಪದ್ಧತಿ. ನಮ್ಮ ಹಳೆಯ ಖಾನಾವಳಿಯ ತಂಗಿ ಎನ್ನಬಹುದು. ಸರದಿ ಬೀದಿಯ ತಿರುವಿನವರೆಗೆ ಹೋಗಿತ್ತು. ಊಟಕ್ಕಾಗಿ ಎರಡು ಗಂಟೆ ನಿಲ್ಲುವ ತಾಳ್ಮೆ ನನಗಿಲ್ಲ. ಮಾಂಸ ತಿನ್ನುವವರು, ಕಾಲಲ್ಲಿ ಕಸುವಿರುವವರು ನಿಲ್ಲಿ. ಅಲ್ಲಿ ಮಧ್ಯಾಹ್ನ ಮಾತ್ರ ಊಟ, ಮುಂಗಡ ಕಾಯ್ದಿರಿಸುವಂತಿಲ್ಲ.

ನಾವು ಫೋರ್ಸಿತ್ ಉದ್ಯಾನವನ್ನು ದಾಟಿ ದಕ್ಷಿಣಕ್ಕೆ ನಡೆದೆವು. ಪ್ರವಾಸಿಗರ ಗಾಡಿಗಳು ಕಾಣದಾದ ಮೇಲೂ ಹತ್ತು ಹನ್ನೆರಡು ನಿಮಿಷ. ಅಲ್ಲೊಂದು ಆರು ಮೇಜಿನ ಅಂಗಡಿ. ಗೋಡೆಯ ಮೇಲೆ ಚರ್ಚಿನ ಕ್ಯಾಲೆಂಡರು, ಮೊಮ್ಮಕ್ಕಳ ಶಾಲೆಯ ಫೋಟೋಗಳು, ಅಷ್ಟೇ. ಬಿಸಿನೀರಿನ ಮೇಲೆ ಇಟ್ಟ ಉಕ್ಕಿನ ತಟ್ಟೆಗಳಲ್ಲಿ ಅಡುಗೆ. ಒಂದು ಮಾಂಸ, ಮೂರು ಪಲ್ಯ ಆರಿಸಿಕೊಳ್ಳುವುದು ಈ ಕಡೆಯ ಊಟದ ಲೆಕ್ಕ. ಮಾಂಸ ಬೇಡದವರಿಗೆ ನಾಲ್ಕು ಪಲ್ಯ ಮತ್ತು ಮೆಕ್ಕೆಜೋಳದ ಬ್ರೆಡ್ಡು, ಹದಿಮೂರು ಡಾಲರ್. ಪಲ್ಯಗಳ ಪಟ್ಟಿಯಲ್ಲಿ ಚೀಸು ಹಾಕಿದ ಮ್ಯಾಕರೋನಿಯೂ ಇರುತ್ತದೆ, ಅದನ್ನು ಇಲ್ಲಿ ತರಕಾರಿಯ ಸಾಲಿಗೇ ಸೇರಿಸುತ್ತಾರೆ.

ಅಂಗಡಿಯಾಕೆಗೆ ಎಪ್ಪತ್ತು ದಾಟಿರಬೇಕು. ತಲೆಗೆ ಬಲೆ ಕಟ್ಟಿಕೊಂಡಿದ್ದರು. ಹಿಂದಿನ ರಾತ್ರಿ ಆದದ್ದನ್ನು ಗೆಳತಿ ಹೇಳುತ್ತಿದ್ದಂತೆ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟರು. ಒಂದೊಂದೇ ತಟ್ಟೆ ತೋರಿಸುತ್ತ ಹೋದರು. ಸೊಪ್ಪಿಗೆ ಹಂದಿ ಬಿದ್ದಿದೆ, ನಿನಗೆ ಬೇಡ ಮಗಳೇ. ಅಲಸಂದೆಗೆ ಟರ್ಕಿ ಬಿದ್ದಿದೆ, ಅದೂ ಬೇಡ. ಡಬಲ್ ಬೀನ್ಸು ಬರೀ ಬೆಣ್ಣೆಯಲ್ಲಿ ಬೆಂದದ್ದು. ಬೆಂಡೆಕಾಯಿ ಟೊಮೆಟೊ ಎಣ್ಣೆಯಲ್ಲಿ ಮಾಡಿದ್ದು. ಗೆಣಸಿಗೆ ಸಕ್ಕರೆ, ಜಾಯಿಕಾಯಿ. ಬ್ರೆಡ್ಡಿಗೆ ಬೆಣ್ಣೆ, ಕೊಬ್ಬಲ್ಲ. ಹೇಳಿ ಮುಗಿಸಿ ಸೌಟು ಬದಲಿಸಿ ಬೇರೆ ಸೌಟಿನಲ್ಲಿ ಬಡಿಸಿದರು. ನಾವು ಕೇಳಿರಲಿಲ್ಲ.

ಬೆಂಡೆಕಾಯಿ ಗೊಜ್ಜಿನ ಹದಕ್ಕೆ ಇತ್ತು, ಹುಳಿ ಸ್ವಲ್ಪ ಮುಂದು, ಲೋಳೆ ಇದ್ದೂ ಇಲ್ಲದಂತೆ. ಡಬಲ್ ಬೀನ್ಸು ಬೆರಳಲ್ಲಿ ಒತ್ತಿದರೆ ಬೆಣ್ಣೆಯಾಗುತ್ತಿತ್ತು. ಕಾಳು ಒಡೆದಿರಲಿಲ್ಲ, ತಳದಲ್ಲಿ ದಪ್ಪ ರಸ ಉಳಿದಿತ್ತು. ಆ ರಸವನ್ನು ಬ್ರೆಡ್ಡಿನಲ್ಲಿ ಒರೆಸಿ ತಿನ್ನಿ ಎಂದು ತೋರಿಸಿಕೊಟ್ಟರು. ಬೆಳಗಿನ ಗ್ರಿಟ್ಸ್ ಒಂದು ಬಟ್ಟಲು ಉಳಿದಿತ್ತು. ನೀರು, ಉಪ್ಪು, ಬೆಣ್ಣೆ ಬಿಟ್ಟರೆ ಬೇರೇನೂ ಇಲ್ಲ ಎಂದು ತಂದಿಟ್ಟರು. ಗೆಳತಿ ಒಂದು ಚಮಚ ಬಾಯಿಗಿಟ್ಟು ನನ್ನ ಕಡೆ ತಿರುಗಿದಳು. “ಅಕ್ಕಾ, ಇದು ನಮ್ಮ ನುಚ್ಚು!” ಬಿಳಿ ಮೆಕ್ಕೆಜೋಳದ ತರಿ ಅದು. ಅವಳ ಊರಿನಲ್ಲಿ ಜೋಳ ಒಡೆದು ನುಚ್ಚು ಮಾಡಿ ಮಜ್ಜಿಗೆ ಹಾಕಿ ಉಣ್ಣುತ್ತಾರೆ. ಮಜ್ಜಿಗೆ ಸಿಗಬಹುದೇ ಎಂದು ಕೇಳಿಯೇಬಿಟ್ಟಳು.

ಆಗ ಆಕೆ ಮಾಡಿದ್ದನ್ನು ನಾನು ಮರೆಯಲಾರೆ. ಒಳಗಿನಿಂದ ಎತ್ತರದ ಗಾಜಿನ ಲೋಟದಲ್ಲಿ ಮಜ್ಜಿಗೆ ತಂದು, ಮೆಕ್ಕೆಜೋಳದ ಬ್ರೆಡ್ಡಿನ ಒಂದು ತುಂಡನ್ನು ಅಂಗೈಯಲ್ಲಿ ಪುಡಿ ಮಾಡಿ ಅದರೊಳಗೆ ಸುರಿದು, ಚಮಚ ನೆಟ್ಟು ಮುಂದಿಟ್ಟರು. ಚಿಕ್ಕವಳಿದ್ದಾಗ ರಾತ್ರಿಯ ಊಟ ಎಷ್ಟೋ ಸಲ ಇಷ್ಟೇ ಆಗಿರುತ್ತಿತ್ತು ಎಂದರು. ಗೆಳತಿ ತನ್ನ ಅಜ್ಜಿ ಒಣಗಿದ ರೊಟ್ಟಿಯನ್ನು ಮುರಿದು ಮಜ್ಜಿಗೆಯಲ್ಲಿ ನೆನೆಸಿ ಕೊಡುತ್ತಿದ್ದ ಕತೆ ಹೇಳಿದಳು. ಇಬ್ಬರೂ ಒಂದು ಗಳಿಗೆ ಆ ಲೋಟವನ್ನೇ ನೋಡುತ್ತ ನಿಂತರು. ಲೋಟದ ಮಜ್ಜಿಗೆಗೆ ಹಣ ತೆಗೆದುಕೊಳ್ಳಲಿಲ್ಲ. ಶನಿವಾರ ಮಧ್ಯಾಹ್ನವೂ ನಾವು ಅಲ್ಲೇ ಉಂಡೆವು. ಒಂದೂವರೆಯೊಳಗೆ ಹೋಗಿ, ಆಮೇಲೆ ಬೆಂಡೆಕಾಯಿ ಮುಗಿದಿರುತ್ತದೆ.

ಶನಿವಾರ ಸಂಜೆ ದಿ ಗ್ರೇ. ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್ ಬುಲೆವಾರ್ಡ್, 109. ಹಿಂದೆ ವೆಸ್ಟ್ ಬ್ರಾಡ್ ಬೀದಿ ಎಂದು ಕರೆಯುತ್ತಿದ್ದ ರಸ್ತೆ ಇದು, ಊರಿನ ಕಪ್ಪು ಜನರ ವ್ಯಾಪಾರದ ಬೀದಿಯಾಗಿತ್ತು. ಅಂದಿನ ಆರ್ಟ್ ಡೆಕೊ ಶೈಲಿಯ ಕಟ್ಟಡ. ಒಳಗೆ ಕಾಲಿಟ್ಟರೆ ನಡುವೆ ಲಾಳದ ಆಕಾರದ ದೊಡ್ಡ ಬಾರು, ಟಿಕೆಟು ಕೊಡುತ್ತಿದ್ದ ಕಡೆ ತೆರೆದ ಅಡುಗೆಮನೆ. ಬಸ್ಸುಗಳ ಗೇಟಿನ ಸಂಖ್ಯೆಗಳನ್ನು ಅಳಿಸದೆ ಉಳಿಸಿದ್ದಾರೆ. ನಾನು ಆ ಸಂಖ್ಯೆಯ ಕೆಳಗೆ ನಿಂತು ಬಹಳ ಹೊತ್ತು ನೋಡಿದೆ. ಅಪ್ಪ ಇದ್ದಿದ್ದರೆ ಅವರೂ ಮೊದಲು ಅದನ್ನೇ ನೋಡುತ್ತಿದ್ದರು.

ನದಿ ದಂಡೆಯ ಹೋಟೆಲಿನಲ್ಲಿ ಹಳೆಯದನ್ನು ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದರು. ಇಲ್ಲಿ ಗೋಡೆಯೇ ಹಳೆಯದು, ಅದು ಕಂಡದ್ದೂ ನಿಜವಾದದ್ದು. ಈ ನಿಲ್ದಾಣ ಕಟ್ಟಿದ ಕಾಲದಲ್ಲಿ ಬಿಳಿಯರಿಗೂ ಕಪ್ಪು ಜನರಿಗೂ ಕಾಯುವ ಜಾಗ ಬೇರೆ ಬೇರೆ. ಅಂತರರಾಜ್ಯ ಬಸ್ಸುಗಳಲ್ಲಿ, ನಿಲ್ದಾಣಗಳಲ್ಲಿ ಹೀಗೆ ಬೇರ್ಪಡಿಸುವುದನ್ನು ಕೇಂದ್ರ ಸರ್ಕಾರದ ಆಯೋಗ ನಿಷೇಧಿಸಿದ್ದು 1961ರಲ್ಲಿ, ಈ ಭೇದವನ್ನು ಪ್ರತಿಭಟಿಸಿದ ‘ಫ್ರೀಡಂ ರೈಡರ್’ಗಳು ಬಸ್ಸು ಹತ್ತಿ ಏಟು ತಿಂದ ಮೇಲೆ. ಅಂಥ ಕಟ್ಟಡದ ಅಡುಗೆಮನೆಯನ್ನು ಮೊದಲಿನಿಂದ ಕಟ್ಟಿ ಬೆಳೆಸಿದವರು ಮಶಾಮಾ ಬೇಲಿ ಎಂಬ ಕಪ್ಪು ಮಹಿಳೆ. ಹುಟ್ಟಿದ್ದು ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ, ಬಾಲ್ಯದ ಒಂದಷ್ಟು ವರ್ಷ ಕಳೆದದ್ದು ಇದೇ ಸವಾನಾದಲ್ಲಿ. 2019ರಲ್ಲಿ ಆಗ್ನೇಯ ರಾಜ್ಯಗಳ ಅತ್ಯುತ್ತಮ ಬಾಣಸಿಗರೆಂದು, 2022ರಲ್ಲಿ ಇಡೀ ದೇಶದ ಅತ್ಯುತ್ತಮ ಬಾಣಸಿಗರೆಂದು ಅವರಿಗೆ ಅಮೆರಿಕದ ಅಡುಗೆ ಲೋಕದ ದೊಡ್ಡ ಗೌರವವಾದ ಜೇಮ್ಸ್ ಬಿಯರ್ಡ್ ಪ್ರಶಸ್ತಿ ಬಂತು. ಇದನ್ನು ತಿಳಿದುಕೊಂಡು ಹೋಗಿ ಕುಳಿತರೆ ಊಟದ ರುಚಿಯೇ ಬೇರೆ.

ಕುಳಿತ ಕೂಡಲೇ ನಾವು ಹಿಂದಿನ ಅನುಭವ ಹೇಳಿದೆವು. ಬಡಿಸುವ ಹುಡುಗಿ ಮೆನು ತೆಗೆದುಕೊಂಡು ಒಳಗೆ ಹೋಗಿ, ಗೆಳತಿಗೆ ಆಗದವುಗಳ ಮೇಲೆ ಪೆನ್ಸಿಲಿನಿಂದ ಗೀಟು ಎಳೆದು ತಂದುಕೊಟ್ಟಳು. ಉಳಿದದ್ದು ಹೆಚ್ಚಿರಲಿಲ್ಲ, ಆದರೆ ಉಳಿದದ್ದರಲ್ಲಿ ಅನುಮಾನವಿರಲಿಲ್ಲ. ಹೊಗೆಯ ಘಮವಿದ್ದ ಒಂದು ಸೊಪ್ಪಿನ ಪದಾರ್ಥ ತಂದಾಗ ಅವಳು ತಟ್ಟೆ ದೂರ ಸರಿಸಿದಳು. ಹೊಗೆ ಹಾಕಿದ್ದು ಸೊಪ್ಪಿಗೇ, ಇದರಲ್ಲಿ ಮಾಂಸವಿಲ್ಲ ಎಂದು ವಿವರಿಸಿದ ಮೇಲೆ ತಿಂದಳು, ಪೂರ್ತಿ ತಿಂದಳು.

ನನಗೆ ಬಂದದ್ದು ‘ಮಿಡ್ಲಿನ್ಸ್’. ಕೇಳಿದರೆ ನುಚ್ಚಕ್ಕಿ! ಈ ಕರಾವಳಿಯಲ್ಲಿ ಭತ್ತ ಬೆಳೆಸಿದ್ದು ಪಶ್ಚಿಮ ಆಫ್ರಿಕಾದ ಗದ್ದೆಗಳನ್ನು ಬಲ್ಲ ಗುಲಾಮರ ಕೈಗಳು. ಇಡೀ ಅಕ್ಕಿ ಹಡಗು ಹತ್ತಿ ಹೋಗುತ್ತಿತ್ತು, ಮುರಿದ ಅಕ್ಕಿ ಬೆಳೆದವರ ಪಾಲಿಗೆ ಉಳಿಯುತ್ತಿತ್ತು. ಆ ನುಚ್ಚಕ್ಕಿಯನ್ನು ಸಿಗಡಿಯ ಸಾರಿನಲ್ಲಿ ಗಂಜಿಗಿಂತ ಸ್ವಲ್ಪ ಗಟ್ಟಿಯಾಗಿ ಬೇಯಿಸಿದ್ದರು. ಮನೆಯಲ್ಲಿ ಜ್ವರ ಬಂದಾಗ ಸಿಗುತ್ತಿದ್ದ ಊಟದ ಮೈ, ಹಬ್ಬದ ದಿನದ ರುಚಿ. ಆಮೇಲೆ ‘ಕಂಟ್ರಿ ಕ್ಯಾಪ್ಟನ್’ ಎಂಬ ಕೋಳಿ. ಕರಿ ಪುಡಿ, ಟೊಮೆಟೊ, ಒಣದ್ರಾಕ್ಷಿ ಹಾಕಿದ್ದು. ಭಾರತದ ಜೊತೆ ವ್ಯಾಪಾರ ಮಾಡುತ್ತಿದ್ದ ಹಡಗಿನವರಿಂದ ಈ ಬಂದರುಗಳಿಗೆ ಬಂತೆಂದು ಇಲ್ಲಿನವರು ಹೇಳುತ್ತಾರೆ. ಖಾರ ನಮ್ಮ ನಾಲಿಗೆಗೆ ಏನೂ ಅಲ್ಲ, ಕುಂದಾಪುರದ ಕೋಳಿ ಸಾರನ್ನು ನೆನೆದುಕೊಂಡು ಹೋಗಬೇಡಿ. ಅದರ ಸಿಹಿಹುಳಿ ಬೇರೆಯೇ ಒಂದು ಅಡುಗೆ.

ಖರ್ಚು ಹೇಳಿಬಿಡುತ್ತೇನೆ. ಇಬ್ಬರಿಗೆ ಟಿಪ್ಸು ಸೇರಿ ಇನ್ನೂರು ಡಾಲರ್ ದಾಟಿತು. ಶೇಕಡಾ ಇಪ್ಪತ್ತು ಟಿಪ್ಸು ಇಲ್ಲಿ ಸಾಮಾನ್ಯ. ಮೇಜನ್ನು ವಾರಗಳ ಮುಂಚೆ ಕಾಯ್ದಿರಿಸಿ, ಸಸ್ಯಾಹಾರ ಎಂದು ಆಗಲೇ ಬರೆಯಿರಿ. ಮೆನು ಆಗಾಗ ಬದಲಾಗುತ್ತದೆ, ನಾನು ತಿಂದದ್ದೇ ಸಿಗುತ್ತದೆ ಎಂಬ ಭರವಸೆ ಬೇಡ. ಇಬ್ಬರೂ ಸಸ್ಯಾಹಾರಿಗಳಾಗಿದ್ದು ಹೊಟ್ಟೆ ತುಂಬ ಉಣ್ಣಲಷ್ಟೇ ಹೋಗುವುದಾದರೆ ನಾನು ಆರು ಮೇಜಿನ ಆ ಅಜ್ಜಿಯ ಅಂಗಡಿಗೇ ಕಳುಹಿಸುತ್ತೇನೆ. ಒಬ್ಬರಾದರೂ ಮೀನು ತಿನ್ನುವವರಿದ್ದರೆ ಹೋಗಲೇಬೇಕು.

ಭಾನುವಾರ ಮರಳುವಾಗ ಬಸ್ಸಿನ ಟಿಕೆಟನ್ನು ಕೈಬಿಟ್ಟು ಕಾರು ಬಾಡಿಗೆಗೆ ತೆಗೆದುಕೊಂಡೆವು. ಮೆಟರ್ ಎಂಬ ಊರಿನ ಹತ್ತಿರ ಹೆದ್ದಾರಿ ಇಳಿದರೆ ರಸ್ತೆ ಬದಿಯಲ್ಲಿ ಒಂದು ಪಿಕಪ್ ಗಾಡಿ, ಗ್ಯಾಸ್ ಒಲೆಯ ಮೇಲೆ ಹಂಡೆಯಂಥ ಪಾತ್ರೆ. ಬೇಯಿಸಿದ ಕಡಲೆಕಾಯಿ! ಬಸವನಗುಡಿಯ ಪರಿಷೆಯಲ್ಲಿ ಕೊಳ್ಳುವಂಥದ್ದೇ, ಉಪ್ಪುನೀರಿನಲ್ಲಿ ಬೆಂದದ್ದು. ಪಕ್ಕದ ದಕ್ಷಿಣ ಕೆರೊಲಿನಾ ಇದನ್ನು 2006ರಲ್ಲಿ ರಾಜ್ಯದ ಅಧಿಕೃತ ತಿಂಡಿಯೆಂದೇ ಘೋಷಿಸಿದೆ. ಆಗಸ್ಟಿನಿಂದ ಅಕ್ಟೋಬರಿನವರೆಗೆ ಹಸಿ ಕಾಯಿ ಸಿಗುತ್ತದೆ. ಬೇರೆ ತಿಂಗಳಲ್ಲಿ ಒಣಗಿದ ಕಾಯಿಯನ್ನು ನೆನೆಸಿ ಬೇಯಿಸುತ್ತಾರೆ, ಅದಕ್ಕೆ ಈ ಮೃದು ಬರುವುದಿಲ್ಲ. ಎರಡು ಪಾತ್ರೆಗಳಿದ್ದರೆ ಒಂದರಲ್ಲಿ ಖಾರದ ಮಸಾಲೆ ಇರುತ್ತದೆ, ಸಸ್ಯಾಹಾರಿಗಳು ಅದರೊಳಗೆ ಹ್ಯಾಮ್ ಹಾಕಿದ್ದೀರಾ ಎಂದು ಕೇಳಿಯೇ ಕೊಳ್ಳಿ, ಕೆಲವರು ಹಾಕುತ್ತಾರೆ. ಬರೀ ಉಪ್ಪಿನದು ಐದು ಡಾಲರಿಗೆ ಒಂದು ಚೀಲ. ಸಿಪ್ಪೆ ಒತ್ತಿದರೆ ಬಿಸಿ ಉಪ್ಪುನೀರು ಮಣಿಕಟ್ಟಿನವರೆಗೆ ಇಳಿಯುತ್ತದೆ, ಒರೆಸಿಕೊಳ್ಳಲು ಬಟ್ಟೆ ಇಟ್ಟುಕೊಳ್ಳಿ. ಉಳಿದದ್ದನ್ನು ಫ್ರಿಜ್ಜಿನ ಹೊರಗೆ ಹೆಚ್ಚು ಹೊತ್ತು ಇಡಬೇಡಿ. ಗೆಳತಿ ಮನೆಯವರಿಗೆಂದು ಇನ್ನೊಂದು ಚೀಲ ಕಟ್ಟಿಸಿಕೊಂಡಿದ್ದಳು, ಮೇಕನ್ ಬರುವಷ್ಟರಲ್ಲಿ ಅದೂ ಮುಗಿದಿತ್ತು.